ಲಗ್ನಪತ್ರಿಕೆಯಲ್ಲಿ ಜಾರಿದ ಅರ್ಕಾವತ್ತು

ಅಕ್ಕನ ಮದುವೆಗೆ ಮಾಡಿಸಿದ ಲಗ್ನಪತ್ರಿಕೆಯ ಫೈಲು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಹತ್ತು ವರ್ಷ ಕಳೆದು ತಮ್ಮನ ಮದುವೆ ಬಂದಾಗ ಮನೆಯವರು ಅದೇ ಮ್ಯಾಟರ್ ಇರಲಿ, ಹೆಸರು ತಾರೀಖು ಅಷ್ಟೇ ಬದಲಿಸಿ ಎನ್ನುತ್ತಾರೆ. ಆದರೆ ಅಷ್ಟರಲ್ಲಿ ಅಂಗಡಿಗೆ ಹೊಸ ಕಂಪ್ಯೂಟರ್, ಹೊಸ ಕೋರೆಲ್‌ಡ್ರಾ, ಹೊಸ ಫಾಂಟು ಬಂದಿರುತ್ತವೆ. ಹಳೆಯ ಮ್ಯಾಟರನ್ನು ಹೊಸದಕ್ಕೆ ಪರಿವರ್ತಿಸಿದರೆ ಕಾರ್ಡಿನ ಕೊನೆಯ ಸಾಲು ‘ಆಶೀವಾರ್ದವೇ ಉಡುಗೊರೆ’ ಎಂದು ಮೂಡುತ್ತದೆ. ‘ಮುಹೂರ್ತ’ ಹೋಗಿ ‘ಮುಹೂತರ್’ ಆಗಿರುತ್ತದೆ, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’. ಇದರಲ್ಲಿ ಬೆರಳಚ್ಚು ಮಾಡಿದವರ ತಪ್ಪೇನೂ ಇಲ್ಲ. ಅಕ್ಷರವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಬಗೆಯೇ ನಡುವೆ ಬದಲಾಗಿದೆ.

ಈ ಬದಲಾವಣೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಎರಡು ಲಿಪಿಗಳು ಒಂದೇ ಕಾರ್ಡಿನಲ್ಲಿ ಕೂಡುವ ಗಡಿ ಊರುಗಳಲ್ಲಿ. ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ನಡೆದಾಗ ಗುಲಬರ್ಗಾದ ಹೆಚ್ಚಿನ ಭಾಗವೂ ಬೀದರಿನ ಒಂದು ಭಾಗವೂ ಮೈಸೂರಿಗೆ ಸೇರಿದವು. ಈ ಮೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವೃತ್ತವೊಂದನ್ನು ಮಾತ್ರ ಬೇರ್ಪಡಿಸಿ ಮೈಸೂರಿಗೇ ಉಳಿಸಿಕೊಂಡರು. 2014ರಿಂದ ಮೂರೂ ಊರು ತೆಲಂಗಾಣದಲ್ಲಿವೆ. ಗೆರೆ ಎಳೆದದ್ದು ನಕಾಶೆಯ ಮೇಲೆ. ಹೆಣ್ಣು ಕೊಟ್ಟು ಹೆಣ್ಣು ತರುವ ನಂಟು ಆಚೆ ಈಚೆ ನಡೆದೇ ಇದೆ. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಕರ್ನಾಟಕದ ಭಕ್ತರು ಬರುವುದೂ ನಿಂತಿಲ್ಲ. ಹಾಗಾಗಿ ಇಲ್ಲಿನ ಕಾರ್ಡಿಗೆ ಒಂದು ಮಗ್ಗುಲಲ್ಲಿ ತೆಲುಗು, ಇನ್ನೊಂದು ಮಗ್ಗುಲಲ್ಲಿ ಕನ್ನಡ ಬೇಕಾಗುತ್ತದೆ. ಅಂಗಡಿ, ಕಚೇರಿ, ಶಾಲೆಗಳ ಬರಹ ಹೆಚ್ಚಾಗಿ ತೆಲುಗಾಗಿರುವ ಊರಿನಲ್ಲಿ ಕನ್ನಡದ ಮನೆಗೆ ಬರುವ ಕೆಲವೇ ಕನ್ನಡ ಅಚ್ಚುಗಳಲ್ಲಿ ಲಗ್ನಪತ್ರಿಕೆಯೂ ಒಂದು. ಅದರಲ್ಲಿ ಅಕ್ಷರ ಕೆಡಬಾರದು.

ಹಳೆಯ ಫೈಲಿನೊಳಗೆ ನಿಜಕ್ಕೂ ಏನಿದೆ? ಅಲ್ಲಿ ಕನ್ನಡವೇ ಇಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 256 ಮನೆಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಮೀಸಲಾದವು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಅಷ್ಟರಲ್ಲಿ ಇಡಲಾಗದು. ಅದಕ್ಕೆ ಫಾಂಟು ಮಾಡಿದವರು ಅಕ್ಷರವನ್ನು ತುಂಡು ಮಾಡಿದರು: ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರ್ ಬರೆದಿಡುವುದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಇರುವ ‘ಎ’, ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಒಂದು ಸಕಾರ, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಂದು ‘ಎ’. ಒಟ್ಟು ಏಳು ಗುರುತು. ಫಾಂಟು ಇರುವ ತನಕ ಇದು ಕನ್ನಡವಾಗಿ ಕಾಣುತ್ತದೆ. ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಬಯಲಾಗುತ್ತದೆ. ಸಣ್ಣ ‘ಕ್ಯೂ’ ಡಕಾರದ ಮೈಯಾದರೆ ದೊಡ್ಡ ‘ಕ್ಯೂ’ ಎಂದರೆ ‘ಕಿ’. ಸಾಲಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಇಂಗ್ಲಿಷ್ ಸೌಲಭ್ಯವೊಂದೇ ಸಾಕು, ಕನ್ನಡ ಪದ ಕೆಡಲು. ತೆಲುಗಿನ ಅನು ಫಾಂಟುಗಳ ಹಂಚಿಕೆ ಇದಕ್ಕಿಂತ ಬೇರೆಯದು. ಒಂದೇ ಕಾರ್ಡಿನೊಳಗೆ ಒಂದಕ್ಕೊಂದು ತಿಳಿಯದ ಎರಡು ಗುಪ್ತಭಾಷೆಗಳು ಇದ್ದಂತಾಯಿತು.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪ್ರತಿ ಲಿಪಿಗೂ ಸ್ವಂತ ಮನೆ ಕೊಟ್ಟಿತು. ತೆಲುಗಿನ ಮನೆಸಂಖ್ಯೆ 3072ರಿಂದ 3199, ಅದಕ್ಕೆ ತಗುಲಿಕೊಂಡೇ ಕನ್ನಡದ್ದು 3200ರಿಂದ 3327. ನಕಾಶೆಯಲ್ಲಿ ಹೇಗೋ ಇಲ್ಲೂ ಹಾಗೇ ಅಕ್ಕಪಕ್ಕ! ಭಾರತದ ಇಸ್ಕಿ ಸಂಕೇತಪಟ್ಟಿಯ ಜೋಡಣೆಯನ್ನೇ ಯೂನಿಕೋಡ್ ಅನುಸರಿಸಿದ್ದರಿಂದ ಎರಡೂ ಮನೆಗಳ ಒಳಕೋಣೆಗಳು ಒಂದೇ ಅಳತೆಯವು. ತೆಲುಗಿನ ‘ಕ’ 3093, ಕನ್ನಡದ ‘ಕ’ 3221, ವ್ಯತ್ಯಾಸ 128. ತೆಲುಗು ಮಗ್ಗುಲಿನಲ್ಲಿರುವ ‘ಸಂಗಮೇಶ್ವರ’ ಎಂಬ ಹೆಸರಿನ ಪ್ರತಿ ಅಂಕಿಗೂ 128 ಕೂಡಿಸಿದರೆ ಕನ್ನಡ ಮಗ್ಗುಲಿನ ಹೆಸರು ಸಿದ್ಧ. ಹಳೆಯ ಫಾಂಟುಗಳಲ್ಲಿ ಇದನ್ನು ಕನಸಿನಲ್ಲೂ ಮಾಡುವಂತಿರಲಿಲ್ಲ.

ಯೂನಿಕೋಡ್ ಇಡುವುದು ಉಚ್ಚಾರದ ಕ್ರಮವನ್ನು, ಚಿತ್ರವನ್ನಲ್ಲ. ‘ಕನ್ನಡ’ ಇಲ್ಲಿ ಐದೇ ಗುರುತು: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಎರಡನೆಯ ನಕಾರ ಒತ್ತಾಗಿ ಕೆಳಗಿಳಿಯಬೇಕು ಎಂದು ನಿರ್ಧರಿಸುವುದು ಫಾಂಟಿನೊಳಗಿರುವ ಓಪನ್‌ಟೈಪ್ ನಿಯಮ ಮತ್ತು ಅದನ್ನು ಓದಿ ಅಕ್ಷರ ಜೋಡಿಸುವ ತಂತ್ರಾಂಶ. ‘ಧರ್ಮ’ ಪದವನ್ನು ನೋಡಿ. ಎರಡೂ ಲಿಪಿಯಲ್ಲಿ ಗುರುತುಗಳ ಸಾಲು ಒಂದೇ. ಕನ್ನಡದಲ್ಲಿ ಮಕಾರ ನಿಂತು ರೇಫ ಅದರ ಬಲಕ್ಕೆ ಅರ್ಕಾವತ್ತಾಗುತ್ತದೆ. ಇಂದಿನ ತೆಲುಗಿನಲ್ಲಿ ರಕಾರವೇ ನಿಂತು ಮಕಾರ ಒತ್ತಾಗುತ್ತದೆ. ತೆಲುಗಿಗೂ ಹಿಂದೆ ‘ವಲಪಲಗಿಲಕ’ ಎಂಬ ಅರ್ಕಾವತ್ತು ಇತ್ತು, ಅದು ಬಳಕೆ ತಪ್ಪಿತು.

ಆಶೀರ್ವಾದ ಕೆಡುವುದು ಇಲ್ಲೇ. ಹಳೆಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ‘ವಾ’ ಆದ ಮೇಲೆ ಇರುತ್ತದೆ. ಯೂನಿಕೋಡಿನಲ್ಲಿ ಅದು ಕಿವಿಗೆ ಕೇಳುವ ಜಾಗಕ್ಕೆ, ‘ವಾ’ ಗಿಂತ ಮುಂಚೆ ಬರಬೇಕು. ಪರಿವರ್ತಕ ಹಿಂದಕ್ಕೆ ನಡೆದು ದೀರ್ಘವನ್ನು ದಾಟಿ, ಒತ್ತಿದ್ದರೆ ಅದನ್ನೂ ದಾಟಿ, ಪೂರ್ತಿ ಅಕ್ಷರದ ಆಚೆ ರೇಫವನ್ನು ಇಡಬೇಕು. ಇದ್ದಲ್ಲೇ ಬದಲಿಸಿದರೆ ‘ನಿರ್ಣಾ’ ಎಂಬ ಊರು ‘ನಿಣಾರ್’ ಆಗುತ್ತದೆ. ಅರವಿಂದ ವಿ.ಕೆ. ಅವರು ಮುಕ್ತವಾಗಿ ಕೊಟ್ಟ ಪರಿವರ್ತಕದಂಥ ಒಳ್ಳೆಯ ಸಾಧನಗಳು ಈ ನಡಿಗೆಯನ್ನು ಮಾಡುತ್ತವೆ. ‘ರ‍್ಯಾಂಕ್’ನಂಥ ಪದಗಳು ಮಾತ್ರ ಇನ್ನೊಂದು ಜಾಗರೂಕತೆ ಕೇಳುತ್ತವೆ. ಅಲ್ಲಿ ರಕಾರ ಅರ್ಕಾವತ್ತಾಗದೆ ನಿಲ್ಲಲು ಕಣ್ಣಿಗೆ ಕಾಣದ ಜೋಡುಗುರುತೊಂದು ನಡುವೆ ಇರಬೇಕು. ಕಾಪಿ ಮಾಡುವಾಗ ಅದು ಉದುರಿಹೋಗುವುದುಂಟು.

ಅಕ್ಷರ ಸರಿಹೋದರೂ ಕಾರ್ಡಿನ ಅಂದ ತಾನಾಗಿ ಸರಿಹೋಗುವುದಿಲ್ಲ. ಹಳೆಯ ಫಾಂಟಿನಲ್ಲಿ ‘ಲಕ್ಷ್ಮೀ’, ‘ರಾಷ್ಟ್ರ’ಗಳ ಒತ್ತಿಗೆ ಎಷ್ಟು ಜಾಗ ಬೇಕೆಂದು ಆಪರೇಟರ್ ಕಣ್ಣಳತೆಯಲ್ಲೇ ಸಾಲಿನ ಅಂತರ ಇಟ್ಟಿರುತ್ತಾರೆ. ಯೂನಿಕೋಡ್ ಫಾಂಟುಗಳು ಸಾಮಾನ್ಯವಾಗಿ ಒತ್ತಿನ ಆಳವನ್ನೂ ಲೆಕ್ಕ ಹಿಡಿದು ಸಾಲಿಗೆ ಹೆಚ್ಚು ಎತ್ತರ ಕೇಳುತ್ತವೆ. ಚೌಕಟ್ಟು ಹಳೆಯದು, ಸಾಲು ಹೊಸದು. ಕೊನೆಯ ‘ಆಗಮನಾಭಿಲಾಷಿಗಳು’ ಚೌಕಟ್ಟಿನಿಂದ ಹೊರಬಿದ್ದು ಕಾಣದಾಗುತ್ತದೆ. ಓಪನ್‌ಟೈಪ್ ಅರಿಯುವ ಎಂಜಿನ್ ಕೋರೆಲ್‌ಡ್ರಾಗೆ ಬಂದದ್ದು 2012ರ ಎಕ್ಸ್6ರಲ್ಲಿ. ಅದಕ್ಕೂ ಹಿಂದಿನ ಫೈಲುಗಳಲ್ಲಿ ಮದುಮಕ್ಕಳ ಹೆಸರಿಗೆ ಅಕ್ಷರದ ನಡುವಿನ ಅಂತರ ಹಿಗ್ಗಿಸಿದರೆ ಮೈಯಿಂದ ತಲೆಕಟ್ಟು ಕಳಚಿಕೊಳ್ಳುತ್ತಿತ್ತು. ಅದನ್ನು ಆಪರೇಟರ್ ಒಂದೊಂದಾಗಿ ಕೈಯಿಂದ ಸರಿಪಡಿಸಬೇಕಿತ್ತು. ಹೊಸ ಎಂಜಿನ್ ಅಕ್ಷರವನ್ನು ಇಡಿಯಾಗಿ ಹಿಡಿದು ಅಂತರ ಕೊಡುತ್ತದೆ. ಆದ್ದರಿಂದ ಕೈಯ ಆ ಹಳೆಯ ತಿದ್ದುಪಡಿಗಳನ್ನು ಅಳಿಸಿ, ಸಾಲಿನ ಅಂತರವನ್ನು ಹೊಸದಾಗಿ ಕಟ್ಟುವುದೇ ಸರಿಯಾದ ದಾರಿ.

ಅನೇಕರು ಹಿಡಿಯುವ ಅಡ್ಡದಾರಿ ಬೇರೆ: ಮ್ಯಾಟರನ್ನೆಲ್ಲ ‘ಕರ್ವ್’ ಮಾಡಿಬಿಡುವುದು. ಆಗ ಅಕ್ಷರ ಬರಿಯ ಗೆರೆಚಿತ್ರ, ಯಾವ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಅಚ್ಚಿಗೆ ಕಳಿಸುವ ಪ್ರತಿಗೆ ಇದು ಯೋಗ್ಯ. ಇಟ್ಟುಕೊಳ್ಳುವ ಪ್ರತಿಯನ್ನೂ ಹಾಗೆ ಮಾಡಿದರೆ ಮುಂದಿನ ಮದುವೆಗೆ ಒಂದು ಹೆಸರನ್ನೂ ಬದಲಿಸಲಾಗದು, ಹುಡುಕಲೂ ಆಗದು. ಹಳೆಯ ಫೈಲು ಸರಿಯಾಗಿ ತೆರೆಯುವ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಅದರ ಪಿಡಿಎಫ್ ಒಂದನ್ನು ತೆಗೆದಿಟ್ಟು, ಪರಿವರ್ತಿಸಿದ ಮ್ಯಾಟರನ್ನು ಅದರ ಪಕ್ಕದಲ್ಲಿಟ್ಟು ಪ್ರೂಫ್ ನೋಡಬೇಕು, ಕನ್ನಡ ಬಲ್ಲ ಹಿರಿಯರೊಬ್ಬರು ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ಹೆಸರಿಗೆ ಮೊದಲು ಬರುವ ‘ಚಿ॥ ರಾ॥’ ಮೇಲೂ ಒಂದು ಕಣ್ಣಿರಬೇಕು. ಆ ಜೋಡಿ ದಂಡಕ್ಕೆ ಕನ್ನಡದ ಮನೆಯಲ್ಲಿ ಜಾಗವಿಲ್ಲ. ಭಾರತದ ಹೆಚ್ಚಿನ ಲಿಪಿಗಳು ದೇವನಾಗರಿಯ 2405ನೆಯ ಮನೆಯಿಂದಲೇ ಅದನ್ನು ತರುತ್ತವೆ. ಆರಿಸಿದ ಕನ್ನಡ ಫಾಂಟಿನಲ್ಲಿ ಅದು ಇಲ್ಲದಿದ್ದರೆ ವರನ ಹೆಸರಿನ ಮುಂದೆ ಖಾಲಿ ಚೌಕವೊಂದು ಅಚ್ಚಾಗಿ ಬರಬಹುದು.