ಏಳು ಹೋದರೂ ಪೂರ್ತಿ!

ಒಂದು ಫೈಲನ್ನು ಹತ್ತು ಚೂರು ಮಾಡಿ ಹತ್ತು ಅಪರಿಚಿತರ ಸರ್ವರ್‌ಗಳಿಗೆ ಹಂಚಿ. ಏಳು ಸುಟ್ಟುಹೋಗಲಿ, ನೀರಲ್ಲಿ ಮುಳುಗಲಿ. ಉಳಿದ ಮೂರರಿಂದ, ಯಾವ ಮೂರಾದರೂ ಸರಿ, ಇಡೀ ಫೈಲು ಒಂದಕ್ಷರವೂ ತಪ್ಪದೆ ಎದ್ದು ಬರುತ್ತದೆ! ತಾಹೋ-ಎಲ್‌ಎಎಫ್‌ಎಸ್ ಎಂಬ ಮುಕ್ತ ತಂತ್ರಾಂಶಕ್ಕೆ ಇದು ದಿನನಿತ್ಯದ ಕೆಲಸ. ಹಿಂದಿರುವ ಗಣಿತವನ್ನು ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸೊಲೊಮನ್ 1960ರಲ್ಲೇ ಕೊಟ್ಟಿದ್ದರು, ಗೀರುಬಿದ್ದ ಸಿ.ಡಿ. ತಡವರಿಸದೆ ಹಾಡುತ್ತಿದ್ದುದೂ ಅದರ ದಯೆಯಿಂದಲೇ.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಪ್ರತಿ ಸರ್ವರ್ ಕೈಕೊಡುವ ಸಾಧ್ಯತೆ ಹತ್ತಕ್ಕೆ ಒಂದು, ಒಂದರ ಹಣೆಬರಹಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಮೂರು ಪೂರ್ಣ ಪ್ರತಿ ಮಾಡಿ ಮೂರು ಕಡೆ ಇಟ್ಟರೆ, ಎಲ್ಲವೂ ಹೋಗುವ ಅಪಾಯ ಸಾವಿರಕ್ಕೆ ಒಂದು. ತಾಹೋ ರೀತಿ ಹಂಚಿದರೆ? ಸುಮಾರು 27 ಲಕ್ಷಕ್ಕೆ ಒಂದು! ಹಿಡಿಯುವ ಜಾಗವೋ, ಮೂರು ಪಟ್ಟಿನ ಬದಲು 3.3 ಪಟ್ಟು.

ಇನ್ನೂ ಇದೆ. ಚೂರಾಗುವ ಮೊದಲೇ, ನಿಮ್ಮದೇ ಕಂಪ್ಯೂಟರಿನಲ್ಲಿ, ಫೈಲು ಗೂಢಲಿಪಿಯಾಗಿರುತ್ತದೆ. ಸರ್ವರ್ ಇಟ್ಟುಕೊಂಡವರು ಓದಲಾರರು, ಗೊತ್ತಾಗದಂತೆ ತಿದ್ದಲೂ ಆರರು. ಅವರು ಕಳ್ಳರೇ ಆಗಿರಲಿ ಬಿಡಿ! ಬೀಗದಕೈ ಎಂದರೆ ‘ಕ್ಯಾಪ್’ ಎಂಬ ಉದ್ದನೆಯ ಅಕ್ಷರಸಾಲು. ತಿದ್ದುವ ಕ್ಯಾಪ್‌ನಿಂದ ಓದುವ ಕ್ಯಾಪ್ ಹುಟ್ಟುತ್ತದೆ, ಅದರಿಂದ ಬರೀ ಪರೀಕ್ಷಿಸುವ ಕ್ಯಾಪ್; ಹಿಮ್ಮುಖ ಹಾದಿ ಇಲ್ಲ. ಅಂದರೆ ಒಳಗೇನಿದೆ ಎಂದೇ ತಿಳಿಯದವನನ್ನು ಕಾವಲಿಗಿಡಬಹುದು, ಚೂರುಗಳೆಲ್ಲ ನೆಟ್ಟಗಿವೆಯೇ ಎಂದು ಅವನು ನೋಡಿ ಹೇಳುತ್ತಾನೆ. ಎಂಥ ತಲೆ!

2015ರಲ್ಲಿ ಹುವಾನ್ ಬೆನೆಟ್ ತಂದ ಫೈಲು ಹಂಚಿಕೆ ಜಾಲ ಐಪಿಎಫ್‌ಎಸ್‌ನದು ಬೇರೆಯೇ ಬೆರಗು. ಅಲ್ಲಿ ಫೈಲಿನ ವಿಳಾಸ ಅದರ ಒಡಲಿನಿಂದಲೇ ಹುಟ್ಟುತ್ತದೆ; ಒಂದು ಕೊಂಬು ಬದಲಾದರೂ ವಿಳಾಸ ಬೇರೆ. ಯಾರ ಬಳಿ ಇದೆಯೋ ಅವರಿಂದ ತರಿಸಿಕೊಳ್ಳಿ, ಕಲಬೆರಕೆಯಾಗಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ. 2017ರಲ್ಲಿ ಟರ್ಕಿ ಸರ್ಕಾರ ವಿಕಿಪೀಡಿಯವನ್ನು ತಡೆದಾಗ ಟರ್ಕಿಷ್ ಆವೃತ್ತಿಯ ಪ್ರತಿಯೊಂದು ಇಲ್ಲಿ ತಲೆಯೆತ್ತಿತ್ತು! ಆದರೆ ಗುಟ್ಟು ಕಾಯುವ ಜಾಯಮಾನ ಇದರದಲ್ಲ: ತಾನಾಗಿ ಗೂಢಲಿಪಿ ಮಾಡದು, ಯಾರೂ ಉಳಿಸಿಕೊಳ್ಳದಿದ್ದರೆ ಫೈಲೂ ಉಳಿಯದು. ಇನ್ನೂ ಹಳೆಯ ಫ್ರೀನೆಟ್ ಜಾಲವಂತೂ ಯಾರೂ ಕೇಳದ್ದನ್ನು ಮೆಲ್ಲಗೆ ಮರೆತುಬಿಡುತ್ತದೆ.

ಲೋಕಕ್ಕೆ ಹಂಚುವುದಕ್ಕೆ ಐಪಿಎಫ್‌ಎಸ್ ಸರಿ. ಮನೆಯ ಕ್ರಯಪತ್ರಕ್ಕಾದರೆ ನನ್ನ ಮತ ತಾಹೋಗೆ. ಆದರೆ ಕ್ಯಾಪ್ ಕಳೆದುಕೊಂಡಿರೋ, ‘ಪಾಸ್‌ವರ್ಡ್ ಮರೆತಿರಾ?’ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿಡಿ.