ಪಾಡ್‌ಕಾಸ್ಟ್ | ಬಿ.ಇ, ಬಿ.ಎಸ್ಸಿ ಆಯ್ತು, ಮುಂದೆ ವಿಜ್ಞಾನ ನೀತಿ ಓದಬಹುದಾ?

ಡಿಗ್ರಿ ಕೊನೆಯ ವರ್ಷದಲ್ಲಿದ್ದೀರಾ? ಹಾಗಿದ್ರೆ ಮನೆಯಲ್ಲಿ ‘ಮುಂದೇನು?’ ಅನ್ನೋ ಪ್ರಶ್ನೆ ಶುರುವಾಗಿರುತ್ತೆ. ಎಂ.ಟೆಕ್, ಎಂ.ಎಸ್ಸಿ, ಎಂಬಿಎ, ಐಎಎಸ್ ಕೋಚಿಂಗ್, ಐಟಿ ಕೆಲಸ... ಪಟ್ಟಿ ಇಲ್ಲಿಗೇ ಮುಗಿಯುತ್ತೆ. ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಓದಿನ ಬಗ್ಗೆ ಇವತ್ತು ಮಾತಾಡೋಣ. ಅದು ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ, ಅಂದ್ರೆ ಸೈನ್ಸ್ ಆ್ಯಂಡ್ ಟೆಕ್ನಾಲಜಿ ಪಾಲಿಸಿ.

ಹೆಸರು ಕೇಳಿದ್ರೆ ಸರ್ಕಾರಿ ಕಡತದ ವಾಸನೆ ಬರುತ್ತೆ, ನಿಜ. ಹಾಗಾಗಿ ವ್ಯಾಖ್ಯಾನ ಬಿಟ್ಟು, ನಮ್ಮ ರಾಜ್ಯದ್ದೇ ಒಂದು ಉದಾಹರಣೆಯಿಂದ ಶುರು ಮಾಡೋಣ.

ಒಂದೇ ರಾಜ್ಯ, ಎರಡು ಲೆಕ್ಕ

1987ರ ಸುಮಾರಿಗೆ ಕರ್ನಾಟಕದಲ್ಲಿ ವಿದ್ಯುತ್ ಅಭಾವ ಜೋರಾಗಿತ್ತು. 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ಕರೆಂಟ್ ಬೇಕು ಅಂತ ಸರ್ಕಾರದ ಸಮಿತಿಯೊಂದು ಅಂದಾಜು ಮಾಡ್ತು. ಉತ್ತರ: ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್. ಅದಕ್ಕೆ ಸುಮಾರು 9,400 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ಬೇಕು ಅಂತ ಲೆಕ್ಕ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಐಐಎಸ್‌ಸಿಯಲ್ಲಿ ಅಮೂಲ್ಯ ರೆಡ್ಡಿ ಅನ್ನೋ ಪ್ರಾಧ್ಯಾಪಕರಿದ್ರು. ಮೂಲತಃ ಎಲೆಕ್ಟ್ರೋಕೆಮಿಸ್ಟ್ರಿಯವರು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಕಟ್ಟಿದವರು. ಅವರ ತಂಡ ಪ್ರಶ್ನೆಯನ್ನೇ ಬದಲಾಯಿಸ್ತು. ‘ಎಷ್ಟು ಯೂನಿಟ್ ಬೇಕು?’ ಅಂತ ಕೇಳೋ ಬದಲು, ‘ಜನಕ್ಕೆ ಏನಾಗಬೇಕು?’ ಅಂತ ಕೇಳಿದ್ರು. ಜನಕ್ಕೆ ಬೇಕಿರೋದು ಬೆಳಕು, ಬಿಸಿನೀರು, ಅಡುಗೆ, ಹೊಲಕ್ಕೆ ನೀರು. ಬುರುಡೆ ಬಲ್ಬ್ ಬದಲು ಸಿಎಫ್‌ಎಲ್, ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಅಡುಗೆಗೆ ಗ್ಯಾಸ್, ಕಡಿಮೆ ಕರೆಂಟ್ ತಿನ್ನೋ ಪಂಪ್‌ಸೆಟ್: ಇಷ್ಟನ್ನು ಸೇರಿಸಿ, ಎಲ್ಲ ಮನೆಗೂ ವಿದ್ಯುತ್ ಕೊಡೋದನ್ನೂ ಸೇರಿಸಿ ಲೆಕ್ಕ ಹಾಕಿದ್ರು. ಬಂದ ಉತ್ತರ ಸುಮಾರು 1,790 ಕೋಟಿ ಯೂನಿಟ್, ಸುಮಾರು 4,000 ಮೆಗಾವಾಟ್. ಅಂದ್ರೆ ಸಮಿತಿ ಹೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ!

ಗಮನಿಸಿ, ಎರಡೂ ಕಡೆ ಗುಣಾಕಾರ–ಭಾಗಾಕಾರ ಸರಿಯಾಗಿಯೇ ಇತ್ತು. ವ್ಯತ್ಯಾಸ ಇದ್ದಿದ್ದು ಲೆಕ್ಕಕ್ಕೂ ಮೊದಲು ಏನನ್ನು ಒಪ್ಪಿಕೊಂಡ್ರು ಅನ್ನೋದ್ರಲ್ಲಿ. ಯಾವ ಸಂಖ್ಯೆಯನ್ನು ಸರ್ಕಾರ ನಂಬುತ್ತೆ ಅನ್ನೋದ್ರ ಮೇಲೆ ಯಾರ ಜಮೀನು ಮುಳುಗುತ್ತೆ, ಯಾರ ಬಿಲ್ ಏರುತ್ತೆ, ಯಾವ ಹಳ್ಳಿ ಇನ್ನೂ ಕತ್ತಲಲ್ಲಿ ಉಳಿಯುತ್ತೆ ಅನ್ನೋದು ನಿರ್ಧಾರ ಆಗುತ್ತೆ. ಈ ‘ಮೊದಲು ಒಪ್ಪಿಕೊಂಡ’ ಸಂಗತಿಗಳನ್ನು ಹುಡುಕಿ, ಪ್ರಶ್ನೆ ಮಾಡಿ, ಬೇರೆ ದಾರಿಯನ್ನು ಲೆಕ್ಕ ಸಮೇತ ಮುಂದಿಡೋದೇ ಈ ಓದಿನ ತಿರುಳು.

ಕ್ಲಾಸಲ್ಲಿ ಏನು ಕಲಿಸ್ತಾರೆ?

ಎರಡು ಭಾಗ ಅಂದುಕೊಳ್ಳಿ. ಮೊದಲನೆಯದು, ವಿಜ್ಞಾನಕ್ಕಾಗಿ ನೀತಿ: ಸಂಶೋಧನೆಗೆ ದುಡ್ಡು ಎಷ್ಟು, ಯಾರಿಗೆ, ಯಾಕೆ? ಭಾರತ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ ಸುಮಾರು 0.64%. ದಕ್ಷಿಣ ಕೊರಿಯಾದಲ್ಲಿ ಇದು 5%ರ ಆಸುಪಾಸು, ಅದರಲ್ಲೂ ಹೆಚ್ಚಿನ ಪಾಲು ಕಂಪನಿಗಳದ್ದು. ಯಾಕೆ ಹೀಗೆ ಅಂತ ಕೇಳಿದ್ರೆ ಇತಿಹಾಸ, ಅರ್ಥಶಾಸ್ತ್ರ ಎರಡನ್ನೂ ಓದಬೇಕಾಗುತ್ತೆ. 1958, 1983, 2003 ಮತ್ತು 2013ರಲ್ಲಿ ಬಂದ ನಮ್ಮ ದೇಶದ ನಾಲ್ಕು ವಿಜ್ಞಾನ–ತಂತ್ರಜ್ಞಾನ ನೀತಿಗಳೂ ಇದೇ ಪಾಠದಲ್ಲಿ ಬರುತ್ತವೆ.

ಎರಡನೆಯದು, ನೀತಿಗಾಗಿ ವಿಜ್ಞಾನ: ಸರ್ಕಾರದ ತೀರ್ಮಾನಕ್ಕೆ ವೈಜ್ಞಾನಿಕ ಸಾಕ್ಷ್ಯವನ್ನು ಹೇಗೆ ಬಳಸೋದು? ಬಿಟಿ ಬದನೆ ಇದಕ್ಕೆ ಒಳ್ಳೇ ಉದಾಹರಣೆ. 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಡ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ 7 ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ್ರು. 2010ರ ಫೆಬ್ರವರಿಯಲ್ಲಿ ಅದಕ್ಕೆ ತಡೆ ಹಾಕಿದ್ರು. ಇದು ವಿಜ್ಞಾನಕ್ಕೆ ಆದ ಸೋಲಾ, ಪ್ರಜಾಪ್ರಭುತ್ವದ ಗೆಲುವಾ? ತರಗತಿಯಲ್ಲಿ ಎರಡೂ ಕಡೆ ವಾದ ಮಾಡೋಕೆ ನಿಮಗೆ ಬರಬೇಕು.

ಇದರ ಜೊತೆ ಅಂಕಿಅಂಶ, ವೆಚ್ಚ–ಲಾಭದ ಲೆಕ್ಕ, ಕಾನೂನಿನ ಪರಿಚಯ, ಊರಿಗೆ ಹೋಗಿ ಜನರನ್ನು ಮಾತಾಡಿಸೋ ಕ್ಷೇತ್ರಕಾರ್ಯ ಇರುತ್ತೆ. ಮತ್ತೆ ಬರವಣಿಗೆ, ತುಂಬಾ ಬರವಣಿಗೆ! 200 ಪುಟದ ವರದಿಯನ್ನು ಅಧಿಕಾರಿಯೊಬ್ಬರು 5 ನಿಮಿಷದಲ್ಲಿ ಓದೋ ಹಾಗೆ 2 ಪುಟಕ್ಕೆ ಇಳಿಸೋದು ಇಲ್ಲಿ ಮುಖ್ಯ ಕಸುಬು.

ಎಲ್ಲಿ ಓದೋದು?

ಸ್ನಾತಕೋತ್ತರಕ್ಕೆ ಐಐಟಿ ದೆಹಲಿಯ ಸ್ಕೂಲ್ ಆಫ್ ಪಬ್ಲಿಕ್ ಪಾಲಿಸಿ ಇದೆ, ಅಲ್ಲಿ ತಂತ್ರಜ್ಞಾನದ ವಿಷಯಗಳಿಗೆ ಒತ್ತು ಹೆಚ್ಚು. ಐಐಟಿ ಬಾಂಬೆಯಲ್ಲೂ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಕೋರ್ಸ್ ಇದೆ. ಬೆಂಗಳೂರಲ್ಲೇ ಓದಬೇಕು ಅಂದ್ರೆ ನ್ಯಾಷನಲ್ ಲಾ ಸ್ಕೂಲ್‌ನ ಎಂಪಿಪಿ ಇದೆ. ಅದು ಸಾಮಾನ್ಯ ನೀತಿಯ ಕೋರ್ಸ್, ತಂತ್ರಜ್ಞಾನವನ್ನು ನಿಮ್ಮ ಪ್ರಬಂಧದ ವಿಷಯ ಮಾಡ್ಕೊಬೇಕು.

ಪಿಎಚ್‌ಡಿಗೆ ಜೆಎನ್‌ಯುದ ಸೆಂಟರ್ ಫಾರ್ ಸ್ಟಡೀಸ್ ಇನ್ ಸೈನ್ಸ್ ಪಾಲಿಸಿ ಹಳೇ ಹೆಸರು. ಐಐಎಸ್‌ಸಿ ಆವರಣದಲ್ಲಿರೋ ನಿಯಾಸ್, ಅಂದ್ರೆ 1988ರಲ್ಲಿ ಜೆಆರ್‌ಡಿ ಟಾಟಾ ಆಸಕ್ತಿಯಿಂದ ಶುರುವಾದ ಸಂಸ್ಥೆಯಲ್ಲೂ ಪಿಎಚ್‌ಡಿ ಮಾಡಬಹುದು. ಹೊರದೇಶದಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸ್ಪ್ರು ಈ ಕ್ಷೇತ್ರದ ಹಿರಿಯಣ್ಣ. ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೀಮನ್ 1966ರಲ್ಲಿ ಕಟ್ಟಿದ್ದು. ಅರ್ಹತೆ, ಪ್ರವೇಶ ಪರೀಕ್ಷೆ, ಶುಲ್ಕ ಒಂದೊಂದು ಕಡೆ ಒಂದೊಂದು ಥರ. ಆಯಾ ವರ್ಷದ ಅಧಿಸೂಚನೆ ನೋಡಿಯೇ ಮುಂದುವರಿಯಿರಿ.

ಕೆಲಸ ಸಿಗುತ್ತಾ?

ಸುತ್ತಿ ಬಳಸಿ ಹೇಳೋದು ಬೇಡ. ಕಂಪ್ಯೂಟರ್ ಸೈನ್ಸ್ ಥರ ಕಂಪನಿಗಳು ಕ್ಯಾಂಪಸ್ಸಿಗೆ ಸಾಲಾಗಿ ಬರಲ್ಲ. ಯುಪಿಎಸ್‌ಸಿಯಲ್ಲಿ ಈ ಡಿಗ್ರಿಗೆ ಅಂತ ಬೇರೆ ಮೀಸಲು ಹುದ್ದೆ ಇಲ್ಲ. ಅವಕಾಶ ಇರೋದು ಬೆಂಗಳೂರಿನ ಸಿ–ಸ್ಟೆಪ್, ದೆಹಲಿಯ ಸಿಇಇಡಬ್ಲ್ಯುನಂಥ ಚಿಂತಕರ ಚಾವಡಿಗಳಲ್ಲಿ, ಸರ್ಕಾರದ ಗುತ್ತಿಗೆ ಹುದ್ದೆಗಳಲ್ಲಿ, ಕನ್ಸಲ್ಟಿಂಗ್ ಕಂಪನಿಗಳಲ್ಲಿ, ಟೆಕ್ ಕಂಪನಿಗಳ ನೀತಿ ವಿಭಾಗದಲ್ಲಿ. ಎಷ್ಟೋ ಕಡೆ ಕೆಲಸ ಒಂದೆರಡು ವರ್ಷದ ಪ್ರಾಜೆಕ್ಟ್ ಲೆಕ್ಕದಲ್ಲಿರುತ್ತೆ. ಮನೆಯ ಜವಾಬ್ದಾರಿ ಮೈಮೇಲಿದ್ರೆ, ಸಾಲ ಮಾಡಿ ಸೇರೋ ಮೊದಲು ಹಿಂದಿನ ಬ್ಯಾಚಿನವರು ಎಲ್ಲೆಲ್ಲಿದ್ದಾರೆ ಅಂತ ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಇಬ್ಬರು ಮೂವರನ್ನಾದ್ರೂ ಮಾತಾಡಿಸಿ.

ಸೇರೋ ಮುಂಚೆ ರುಚಿ ನೋಡಿ

ಇದಕ್ಕೆ ದುಡ್ಡು ಬೇಕಿಲ್ಲ. ಕೇಂದ್ರ ಸರ್ಕಾರದ 2014ರ ನೀತಿ ಪ್ರಕಾರ, ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ಎಲ್ಲ ಸಲ ಇದನ್ನು ಪಾಲಿಸಲ್ಲ, ಆದ್ರೂ ಕರಡುಗಳು ಬರ್ತಾ ಇರುತ್ತವೆ. ನಿಮ್ಮ ವಿಷಯದ ಒಂದು ಕರಡು ತಗೊಳ್ಳಿ. ಅದರಲ್ಲಿ ಯಾವ ಸಂಖ್ಯೆಯನ್ನು ನಂಬಿದ್ದಾರೆ, ಯಾರನ್ನು ಮರೆತಿದ್ದಾರೆ ಅಂತ 2 ಪುಟ ಬರೆದು ಕಳಿಸಿ. ವಿದ್ಯುತ್ ದರ ನಿಗದಿಗೆ ಮುನ್ನ ನಮ್ಮ ಕೆಇಆರ್‌ಸಿ ನಡೆಸೋ ಸಾರ್ವಜನಿಕ ವಿಚಾರಣೆಗೂ ಒಮ್ಮೆ ಹೋಗಿ ಕೂತು ಕೇಳಿ. 25ರೊಳಗಿನ ಪದವೀಧರರಾದ್ರೆ, ಸಂಸದರೊಬ್ಬರ ಜೊತೆ ಕೆಲಸ ಮಾಡೋ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು.

ಆ 2 ಪುಟ ಬರೆಯುವಾಗ ಬೇಜಾರಾದ್ರೆ, ಈ ಓದು ನಿಮಗಲ್ಲ; ಅದು ಗೊತ್ತಾಗಿದ್ದೂ ಲಾಭವೇ. ಬರೀತಾ ಬರೀತಾ ರಾತ್ರಿ ಹನ್ನೆರಡಾಗಿದ್ದೇ ಗೊತ್ತಾಗಲಿಲ್ಲ ಅಂದ್ರೆ, ಮನೆಯವರ ‘ಮುಂದೇನು?’ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದೆ ಅಂತ ಅರ್ಥ.