ನಿಮಗಿದು ಗೊತ್ತೆ? ಅತ್ತೆಯ ಹೊಲಿಗೆ ಮಷಿನ್ನಿಗೂ ಜಾತಕವಿದೆ!

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಅತ್ತೆಯಿಂದ ಸೊಸೆಗೆ ಬಂದ ಕಪ್ಪು ಸಿಂಗರ್ ಮಷಿನ್ ಯಾರ ಮನೆಯಲ್ಲಾದರೂ ಇದ್ದರೆ, ಅದರ ಬಲಬದಿಯ ಬುಡದಲ್ಲಿ ಒತ್ತಿರುವ ನಂಬರ್ ನೋಡಿ. 'ಇಎ', 'ಇಬಿ' ಎಂದು 'ಇ'ಯಿಂದ ಶುರುವಾಗುವ ಎರಡಕ್ಷರವಿದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲೇ ಬಾಗಿಲು ಮುಚ್ಚಿತು. ಎಣ್ಣೆ ಕಂಡ ಮಷಿನ್ ಮಾತ್ರ ಇನ್ನೂ ಓಡುತ್ತದೆ!

ಕೈಸೂಜಿಗೆ ಕಣ್ಣು ಹಿಂದೆ, ಮಷಿನ್ ಸೂಜಿಗೆ ತುದಿಯಲ್ಲಿ. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದ ಗುಟ್ಟೂ ಇದೇ. ಮೇಲಿನ ದಾರ ಬಟ್ಟೆಯ ಕೆಳಗಿಳಿದು ಬಾಬಿನ್ ದಾರಕ್ಕೆ ಸಿಕ್ಕಿಕೊಂಡಾಗಲೇ ಹೊಲಿಗೆ ನಿಲ್ಲುವುದು.

ಯಂತ್ರಗಳ ಕಟು ಟೀಕಾಕಾರ ಗಾಂಧೀಜಿಯೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಮುಂದಿನ ದಶಕದಲ್ಲಿ ಕೋಲ್ಕತ್ತದ ಜೇ ಎಂಜಿನಿಯರಿಂಗ್ ವರ್ಕ್ಸ್ ನಮ್ಮದೇ 'ಉಷಾ' ತಂದಿತು.

ಕೂಸಿನ ಕುಲಾಯಿ, ತಲೆದಿಂಬಿನ ಗಲೀಫು, ಹಳೆ ಸೀರೆಯ ಲಂಗ ಎಲ್ಲಕ್ಕೂ ಈ ಮಷಿನ್ನೇ ಸಾಕು. ಪದರದ ಮೇಲೆ ಪದರ ಹಾಕುವ ಕೌದಿಗೆ ಮಾತ್ರ ಇಂದಿಗೂ ಕೈಸೂಜಿಯೇ ಸೈ. ಖಂಡೇಪೂಜೆಯ ದಿನ ಕುಂಕುಮ, ಹೂವಿನ ಗೌರವ ಮಷಿನ್ನಿಗೇ ಸಲ್ಲುತ್ತದೆ. ಅಂದು ಅದಕ್ಕೂ ರಜೆ.

ಹೊಲಿಗೆಯ ಅಡಿಬದಿಯಲ್ಲಿ ದಾರ ಗಂಟುಗಂಟಾಗುತ್ತಿದೆಯೇ? ಬಾಬಿನ್ನನ್ನು ಬೈಯುವವರೇ ಹೆಚ್ಚು. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು: ಬಿಗಿ ಸಾಲದು, ಇಲ್ಲವೇ ಪೋಣಿಸುವಾಗ ಒಂದು ಕೊಂಡಿ ಬಿಟ್ಟುಹೋಗಿದೆ.